ಕತ್ತಿನ ಬೆಸುಗೆ

ಮೂರು ವಾರದಲ್ಲಿ ನಾಲ್ಕು ಗಾಡಿ ನೋಡಿದ್ದಾಯಿತು. ಪ್ರತಿ ಸಲ ಮನೆಗೆ ಬಂದ ಮೇಲೂ ಸೂಜಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡಿದ್ದಳು.

ಸೂಜಿ ಅನ್ನುವುದು ಅವಳಿಗೆ ಬೀದಿಯವರು ಇಟ್ಟ ಹೆಸರು. ಒಂದು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಬೆಳಗ್ಗೆ ಆರಕ್ಕೆ ಮೊದಲ ಮನೆ, ಒಂಬತ್ತೂವರೆಗೆ ಹನ್ನೊಂದನೆಯದು. ಎಲ್ಲರೂ ರಾತ್ರಿಯಿಂದ ಏನೂ ತಿನ್ನದೆ ಇವಳ ದಾರಿ ಕಾಯುವವರು. ಗಾಡಿ ಕೈಕೊಟ್ಟರೆ ಸಕ್ಕರೆ ಕಾಯಿಲೆಯ ಮುದುಕರು ತಲೆ ಸುತ್ತಿ ಬೀಳುತ್ತಾರೆ, ಅವರ ಮಕ್ಕಳು ಲ್ಯಾಬಿಗೆ ಫೋನ್ ಮಾಡಿ ಕೂಗಾಡುತ್ತಾರೆ. ಅವಳ ಹಳೆಯ ಸ್ಕೂಟರು ಇಂಥ ಕೂಗಾಟವನ್ನು ಮೂರು ಸಲ ತರಿಸಿ ನಾಲ್ಕನೆಯ ಸಲ ನಡುರಸ್ತೆಯಲ್ಲೇ ಪ್ರಾಣ ಬಿಟ್ಟಿತ್ತು.

ರಕ್ತ, ಮೂತ್ರ, ಕಫ ಯಾವುದಕ್ಕೂ ಸೂಜಿ ಮುಖ ಸಿಂಡರಿಸಿದವಳಲ್ಲ. ಕಫದ ಡಬ್ಬಿ ಚೀಲದಲ್ಲಿಟ್ಟುಕೊಂಡೇ ತಿಂಡಿ ತಿನ್ನಬಲ್ಲಳು. ಆದರೆ ಹಳೇ ಗಾಡಿ ಮಾರುವವರು ಅವಳಿಗೆ ಹೇಸಿಗೆ ಹುಟ್ಟಿಸಿದರು.

ಮೊದಲನೆಯವನು ಗಾಡಿಗೆ ಅತ್ತರು ಹೊಡೆದಿದ್ದ. ಸೀಟು ಎತ್ತಿದರೆ ಕೆಳಗೆ ಇಲಿಯ ಗೂಡು, ಗೂಡಿನಲ್ಲಿ ಒಣಗಿ ಹಪ್ಪಳವಾದ ಎರಡು ಮರಿಗಳು. "ಅಯ್ಯೋ, ಇದು ನಿನ್ನೆ ಮೊನ್ನೆ ಬಂದಿರಬೇಕು ಮೇಡಂ," ಅಂದ. ಎರಡನೆಯವನ ಗಾಡಿಯಲ್ಲಿ ಇಂಜಿನ್ ಎಣ್ಣೆ, ಹಾಲು ಬೆರೆಸಿದ ಚಹಾದ ಬಣ್ಣಕ್ಕಿತ್ತು, ಒಳಗೆ ನೀರು ಸೇರಿದ ಗುರುತು. ಅವನು ತನ್ನ ತಾಯಿಯ ಮೇಲೆ ಆಣೆ ಹಾಕಿದ. ತಾಯಿ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದಳು. ಮೂರನೆಯದರ ಮೀಟರು ಹನ್ನೆರಡು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಹೊಳೆಯುತ್ತಿತ್ತು. ನಾಲ್ಕನೆಯವನು ಗೇರ್‌ಬಾಕ್ಸಿನ ಗರಗರ ಶಬ್ದ ಅಡಗಿಸಲು ಗಂಜಿಯಂಥ ದಪ್ಪ ಗ್ರೀಸು ತುಂಬಿದ್ದ. ಅದು ಗೊತ್ತಾಯಿತೆಂದು ತಿಳಿದ ಮೇಲೂ ನಾಚಲಿಲ್ಲ. "ನಿಮಗೆ ಬೇಡ ಅಂದ್ರೆ ಬಿಡಿ, ನಾಳೆ ಯಾರೋ ಒಬ್ಬ ದಡ್ಡ ಬರ್ತಾನೆ," ಎಂದು ನಕ್ಕ. ಅವನ ಆ ನಗು ಸೂಜಿಗೆ ಒಂದು ವಾರ ನೆನಪಿತ್ತು.

ಇಷ್ಟನ್ನೂ ಕಂಡುಹಿಡಿದು ಕೊಟ್ಟದ್ದು ಅವಳ ಚಿಕ್ಕಪ್ಪ.

ಚಿಕ್ಕಪ್ಪ ಮೂವತ್ತೈದು ವರ್ಷ ಗ್ಯಾರೇಜು ನಡೆಸಿದವರು. ಎರಡು ವರ್ಷದ ಹಿಂದೆ ಎಡಗೈ ನಡುಗಲು ಶುರುವಾದಾಗ ಬಾಗಿಲು ಹಾಕಿದರು. ಆ ಭಾಗದಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಕಿವಿ ಮೇಸ್ತ್ರಿ ಎಂದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಒಳಗೆ ಯಾವುದು ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಅಣ್ಣ ತೀರಿಕೊಂಡಾಗ ಒಂಬತ್ತು ವರ್ಷದ ಅವನ ಮಗಳನ್ನು ಮನೆಗೆ ಕರೆತಂದು ಸಾಕಿದರು. ಸೂಜಿ ಶಾಲೆಯ ಲೆಕ್ಕ ಬಿಡಿಸಿದ್ದು ಅದೇ ಗ್ಯಾರೇಜಿನಲ್ಲಿ, ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತು.

ಗಾಡಿ ನೋಡುವುದಕ್ಕೆ ಚಿಕ್ಕಪ್ಪನದೇ ಒಂದು ಕ್ರಮವಿತ್ತು. ಮಾರುವವನು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಬೇಕು. ಹೋದ ಕೂಡಲೇ ಇಂಜಿನ್ ಮೇಲೆ ಕೈ ಇಡಬೇಕು. ಬೆಚ್ಚಗಿದ್ದರೆ ಅವನು ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ, ಅಂದರೆ ತಣ್ಣಗಿದ್ದಾಗ ಅದು ಸತಾಯಿಸುತ್ತದೆ. ಮಾತು ಕೇಳಬಾರದು, ಗಾಡಿಯನ್ನು ಮಾತ್ರ ಕೇಳಬೇಕು. ಎಲ್ಲಕ್ಕಿಂತ ಮೊದಲು ಕತ್ತು. ಹ್ಯಾಂಡಲ್ ಕೂರುವ ಕೊಳವೆಗೆ ಚಾಸಿಸ್ಸಿನ ಕಂಬಿಗಳು ಬಂದು ಸೇರುವ ಜಾಗಕ್ಕೆ ಅವರು ಹಾಗನ್ನುತ್ತಿದ್ದರು.

"ಇಂಜಿನ್ ಕೆಟ್ರೆ ದಾರೀಲಿ ಗಾಡಿ ನಿಲ್ಲುತ್ತೆ, ಅಷ್ಟೇ. ತಳ್ಕೊಂಡು ಬರಬಹುದು," ಅನ್ನುತ್ತಿದ್ದರು. "ಕತ್ತು ಮುರಿದ್ರೆ ತಳ್ಕೊಂಡು ಬರೋಕೆ ನೀನೇ ಇರಲ್ಲ ಮಗಳೇ."

ಐದನೆಯ ಗಾಡಿ ಒಬ್ಬ ಕನ್ನಡಕದಂಗಡಿಯವರದು. ಭಾನುವಾರ ಬೆಳಗ್ಗೆ ಹತ್ತೂವರೆಗೆ ಬನ್ನಿ ಎಂದಿದ್ದರು, ಇವರು ಹತ್ತಕ್ಕೇ ಹೋದರು. ಮನೆಯ ಮುಂದೆ ಸಿಮೆಂಟು ಹಾಕಿದ ಸಣ್ಣ ಅಂಗಳ, ತಂತಿಯ ಮೇಲೆ ಒಣಹಾಕಿದ ಮಗುವಿನ ಫ್ರಾಕುಗಳು, ಮೂಲೆಯಲ್ಲಿ ಹಸಿರು ಬಣ್ಣದ ಗಾಡಿ. ಕನ್ನಡಕದವರು ಬನಿಯನ್ನಿನಲ್ಲೇ ಹೊರಗೆ ಬಂದವರು ಇವರನ್ನು ಕಂಡು ಒಳಗೆ ಓಡಿ ಶರಟು ಹಾಕಿಕೊಂಡು ಬಂದರು.

"ಕ್ಷಮಿಸಿ, ಒರೆಸೋಕೂ ಆಗಿಲ್ಲ. ಧೂಳು ಹಾಗೇ ಇದೆ."

ಸೂಜಿ ಇಂಜಿನ್ ಮುಟ್ಟಿದಳು. ತಣ್ಣಗೆ ಕಲ್ಲಿನ ಹಾಗಿತ್ತು. ಒಂದೇ ಕಿಕ್ಕಿಗೆ ಹತ್ತಿಕೊಂಡಿತು. ಹೊಗೆಯಿಲ್ಲ. ಎಣ್ಣೆ ಜೇನಿನ ಬಣ್ಣಕ್ಕಿತ್ತು. ಚೈನು ಬಿಗಿಯಾಗಿತ್ತು, ಹಲ್ಲುಚಕ್ರದ ಹಲ್ಲು ಮೊಂಡಾಗಿರಲಿಲ್ಲ. ಐದು ವರ್ಷದಿಂದ ಕನ್ನಡಕದವರೇ ಓಡಿಸಿದ್ದಾರೆ, ಅವರಿಗೂ ಮೊದಲು ಒಬ್ಬ ಇದ್ದ. ಅದನ್ನು ಕೇಳದೆಯೇ ಹೇಳಿದರು. ಎರಡನೆಯ ಮಗು ಬರುತ್ತಿರುವುದರಿಂದ ಕಾರು ಕೊಳ್ಳುತ್ತಿದ್ದಾರೆ. ಹೋದ ತಿಂಗಳು ಕ್ಲಚ್ ಬದಲಾಯಿಸಿದ ಚೀಟಿ ಕೂಡ ತಂದು ತೋರಿಸಿದರು. ಸೂಜಿಗೆ ಮೂರು ವಾರದಲ್ಲಿ ಮೊದಲ ಸಲ ಉಸಿರು ಹಗುರವಾಯಿತು. ಲೋಕದಲ್ಲಿ ಒಬ್ಬನಾದರೂ ಸರಿಯಾದ ಮನುಷ್ಯ ಇದ್ದಾನಲ್ಲ ಅನ್ನಿಸಿತು.

ಬೀದಿಯ ಕೊನೆಯವರೆಗೆ ಓಡಿಸಿ ನೋಡಿದಳು. ಚೆನ್ನಾಗಿಯೇ ಇತ್ತು. ಹ್ಯಾಂಡಲ್ ಮೇಲಿನ ಹಿಡಿತ ಸ್ವಲ್ಪ ಸಡಿಲಿಸಿದಾಗ ಮಾತ್ರ ಎಡಕ್ಕೆ ವಾಲಿತು, ಯಾರೋ ಮೆಲ್ಲಗೆ ತೋಳು ಹಿಡಿದು ಎಳೆದ ಹಾಗೆ. ಚಿಕ್ಕಪ್ಪನಿಗೆ ಹೇಳಬೇಕು ಎಂದುಕೊಂಡು ತಿರುಗಿಸಿಕೊಂಡು ಬಂದಳು.

ಬಂದು ನೋಡಿದರೆ ಚಿಕ್ಕಪ್ಪ ಆಗಲೇ ಗೇಟಿನ ಹೊರಗೆ ನಿಂತಿದ್ದಾರೆ.

"ಬಾ ಹೋಗೋಣ. ಇದು ಬೇಡ."

"ಯಾಕೆ?"

"ಸೀಟು ಎತ್ತರ. ನಿನಗೆ ಕಾಲು ಎಟುಕಲ್ಲ."

"ಎಟುಕಿತಲ್ಲ ಚಿಕ್ಕಪ್ಪ, ಈಗ ಓಡಿಸ್ಕೊಂಡೇ ಬಂದೆ."

"ಬಣ್ಣಾನೂ ಸರಿಯಿಲ್ಲ. ಬಾ ಅಂದ್ರೆ ಬಾ."

ಬಣ್ಣ! ಗಾಡಿಯ ಬಣ್ಣ ನೋಡಿ ಕೊಳ್ಳುವವರನ್ನು ಮೂವತ್ತೈದು ವರ್ಷ ಗೇಲಿ ಮಾಡಿದ ಮನುಷ್ಯ. ಸೂಜಿ ಅವರ ಮುಖ ನೋಡಿದಳು. ಹಣೆಯ ಮೇಲೆ ಬೆವರು. ಎಡಗೈ ಯಾವತ್ತಿಗಿಂತ ಜೋರಾಗಿ ನಡುಗುತ್ತಿತ್ತು, ಅದನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಆಗ ಅವಳಿಗೆ ಹೊಳೆಯಿತು: ಇವತ್ತು ಚಿಕ್ಕಪ್ಪ ಕತ್ತು ನೋಡಲೇ ಇಲ್ಲ. ಹಿಂದಿನ ನಾಲ್ಕು ಗಾಡಿಗೂ ಮಂಡಿಯೂರಿ ಮೊದಲು ಅದನ್ನೇ ನೋಡಿದವರು, ಇದರ ಹತ್ತಿರ ಹೋಗಿ, ಒಂದು ಸಲ ಬಗ್ಗಿ, ಹಾವು ಕಂಡವರಂತೆ ಹಿಂದಕ್ಕೆ ಸರಿದಿದ್ದರು.

ಅವಳು ಹ್ಯಾಂಡಲನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಟ್ಯಾಂಕಿನ ಮುಂದಿನ ಸಂದಿಗೆ ಕೈ ತೂರಿಸಿದಳು. ಗೊತ್ತಿಲ್ಲದವರ ಕಣ್ಣಿಗೆ ಏನೂ ಕಾಣುವಂತಿರಲಿಲ್ಲ, ಬಣ್ಣ ನುಣ್ಣಗಿತ್ತು. ಆದರೆ ಅವಳ ಬೆರಳುಗಳು ಬೇರೆ ಜಾತಿಯವು. ದಪ್ಪ ತೋಳಿನ ಚರ್ಮದಡಿ ಎಲ್ಲೋ ಆಳದಲ್ಲಿ ಅಡಗಿದ ನರವನ್ನು ನೋಡದೆಯೇ ಹುಡುಕುವ ಬೆರಳುಗಳು. ಬಣ್ಣದ ಕೆಳಗೆ ಕೊಳವೆಯ ಸುತ್ತ ಒಂದು ಸಣ್ಣ ಉಬ್ಬು ಓಡುತ್ತಿರುವುದು ಅವಕ್ಕೆ ಸಿಕ್ಕಿತು. ಅರ್ಧ ಸುತ್ತು ಹೋಗಿ ಅದು ನಿಂತ ಕಡೆ ಮೂರು ಚಿಕ್ಕ ಕುಳಿಗಳು, ಒಲೆಯ ಮೂರು ಕಲ್ಲಿನ ಹಾಗೆ.

ಅವಳ ಬೆರಳು ಅಲ್ಲೇ ನಿಂತಿತು. ಆ ಮೂರು ಕುಳಿಗಳನ್ನು ಅವಳು ಹತ್ತು ವರ್ಷದವಳಿದ್ದಾಗಿನಿಂದ ಬಲ್ಲಳು. ಯಾವುದೇ ಬೆಸುಗೆ ಮುಗಿದ ಮೇಲೆ ಚಿಕ್ಕಪ್ಪ ಮೊನೆಯುಳಿ ಇಟ್ಟು ಮೂರು ಏಟು ಹೊಡೆಯುತ್ತಿದ್ದರು. "ಏನು ಚಿಕ್ಕಪ್ಪ ಇದು?" ಎಂದು ಕೇಳಿದ್ದಕ್ಕೆ, "ನಮ್ಮ ಸಹಿ. ನಾಳೆ ಯಾರಾದ್ರೂ ಇದು ನನ್ನ ಕೆಲಸ ಅಂದ್ರೆ ಸುಮ್ಮನಿರಬೇಕಾ?" ಎಂದಿದ್ದರು.

ಕನ್ನಡಕದವರು ಒಳಗಿನಿಂದ ನೀರು ತರಲು ಹೋಗಿದ್ದರು. ಸೂಜಿ ಗೇಟಿನ ಹೊರಗೆ ಬಂದಳು. ಹುಟ್ಟಿದಾಗಿನಿಂದ ಚಿಕ್ಕಪ್ಪನಿಗೆ ನೀವು ಎಂದೇ ಮಾತಾಡಿದವಳು.

"ನೀನಾ ಮಾಡಿದ್ದು?" ಎಂದಳು.

ಚಿಕ್ಕಪ್ಪ ರಸ್ತೆಯ ಕಡೆ ನೋಡಿದರು. "ಮೆಲ್ಲಗೆ ಮಾತಾಡು."

"ಬೇರೆ ಯಾವುದಾದ್ರೂ ಬೆಸುಗೆ ಆಗಿದ್ರೆ ಸುಮ್ಮನಿರ್ತಿದ್ದೆ. ಕತ್ತು. ಕತ್ತು ಬಿರಿದ ಚಾಸಿಸ್ಸನ್ನ ಗುಜರಿಗೆ ಹಾಕಬೇಕು, ಅದನ್ನ ಬೆಸೆಯೋನು ಕೊಲೆಗಾರ ಅಂತ ಯಾರು ಹೇಳಿಕೊಟ್ಟಿದ್ದು ನನಗೆ?"

"ಆರು ವರ್ಷದ ಹಿಂದಿನ ಮಾತು. ಗುಜರಿಯ ದಲ್ಲಾಳಿ ಒಬ್ಬ ತರ್ತಿದ್ದ. ಆ್ಯಕ್ಸಿಡೆಂಟ್ ಆದ ಗಾಡಿಗಳು. ಆಗ ಮನೇಲಿ ನಿನ್ನ ಓದು, ಖರ್ಚು..."

"ಆರು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ನನ್ನ ತಲೆಗೆ ಕಟ್ಟಬೇಡ."

ಸಿಕ್ಕಿಬಿದ್ದ ಸುಳ್ಳು ಚಿಕ್ಕಪ್ಪನ ಮುಖದ ಮೇಲೆ ಎಂಜಲಿನ ಹಾಗೆ ಅಂಟಿಕೊಂಡಿತ್ತು. ಸೂಜಿಗೆ ವಾಕರಿಕೆ ಬಂದಂತಾಯಿತು. ಇಲಿ ಮರಿ ನೋಡಿ ಬರದದ್ದು, ತಾಯಿಯ ಮೇಲೆ ಆಣೆ ಹಾಕಿದವನನ್ನು ನೋಡಿ ಬರದದ್ದು ಈಗ ಗಂಟಲವರೆಗೆ ಬಂತು.

"ಮತ್ತೆ ಯಾಕೆ?"

ಚಿಕ್ಕಪ್ಪ ಹೇಳಿದರು. "ಯಾರಿಂದಲೂ ಆಗ್ತಿರಲಿಲ್ಲ ಅದು. ಎಲ್ಲಿ ಬಿರಿದಿತ್ತು ಅಂತ ಇನ್ನೊಬ್ಬ ಮೇಸ್ತ್ರಿಗೂ ಗೊತ್ತಾಗಬಾರದು, ಹಾಗೆ ಮಾಡ್ತಿದ್ದೆ. ಆ ದಲ್ಲಾಳಿ ನಾಲ್ಕು ಜನರನ್ನ ಕರ್ಕೊಂಡು ಬಂದು, ಹುಡುಕ್ರಪ್ಪ ನೋಡೋಣ ಅಂತಿದ್ದ. ಯಾರಿಗೂ ಸಿಕ್ತಿರಲಿಲ್ಲ." ಹೇಳುವಾಗ ಅವರ ದನಿಯಲ್ಲಿ ಇನ್ನೂ ಒಂದು ಎಳೆ ಹೆಮ್ಮೆ ಉಳಿದಿತ್ತು. ಅದು ಅವಳ ಕಿವಿಗೆ ಬಿತ್ತು. ಅವರ ಕಿವಿಗೂ ಬಿದ್ದಿರಬೇಕು, ತಲೆ ತಗ್ಗಿಸಿದರು.

"ನಾನು ಇದನ್ನೇ ತಗೋತೀನಿ ಅಂತ ಹಟ ಹಿಡಿದಿದ್ರೆ?"

"ಹೇಗಾದ್ರೂ ಬಿಡಿಸ್ತಿದ್ದೆ. ನಿನ್ನ ಇದರ ಮೇಲೆ ಕೂರಿಸ್ತೀನಾ ನಾನು?"

"ನನ್ನ ಕೂರಿಸಲ್ಲ. ನಾಳೆ ಬರೋರನ್ನ?"

ಚಿಕ್ಕಪ್ಪ ಚಪ್ಪಲಿಯ ತುದಿಯಿಂದ ಒಂದು ಕಲ್ಲು ಸರಿಸಿದರು. ನಾಳೆ ಯಾರೋ ಒಬ್ಬ ದಡ್ಡ ಬರ್ತಾನೆ ಎಂದು ನಕ್ಕವನಾದರೂ ಬಾಯಿ ಬಿಟ್ಟು ಹೇಳಿದ್ದ. ಇವರು ಹೇಳದೆ ಬಿಟ್ಟರು. ಅಷ್ಟೇ ವ್ಯತ್ಯಾಸ.

"ಎಷ್ಟು ಗಾಡಿ?"

"ಲೆಕ್ಕ ಇಟ್ಟಿಲ್ಲ."

"ಹತ್ತಾ? ನೂರಾ?"

"ಹದಿನೈದು ಇಪ್ಪತ್ತು ಇರಬಹುದು."

ಸೂಜಿ ತಿರುಗಿ ಒಳಗೆ ಹೋದಳು. ಚಿಕ್ಕಪ್ಪ ಹಿಂದಿನಿಂದ, "ಏನೂ ಹೇಳಬೇಡ, ಬಾ ಮಗಳೇ," ಎಂದರು. ಮಗಳೇ ಎಂಬ ಮಾತು ಕೇಳಿ ಅವಳ ಮೈ ಜುಮ್ಮೆಂದಿತು, ಕತ್ತಲಲ್ಲಿ ಏನನ್ನೋ ತುಳಿದ ಹಾಗೆ.

ಕನ್ನಡಕದವರು ಎರಡು ಲೋಟ ನೀರು ಹಿಡಿದು ನಿಂತಿದ್ದರು. ಅವಳು ಸುತ್ತಿ ಬಳಸದೆ ಹೇಳಿದಳು: ಇದರ ಕತ್ತು ಒಮ್ಮೆ ಬಿರಿದಿದೆ, ಬೆಸುಗೆ ಹಾಕಿ ಬಣ್ಣ ಬಳಿದಿದ್ದಾರೆ, ಯಾವ ಹೊತ್ತಿನಲ್ಲಾದರೂ ಮುರಿಯಬಹುದು, ಓಡಿಸಬೇಡಿ.

ಮೊದಲು ಅವರು ನಕ್ಕರು. "ರೇಟು ಇಳಿಸೋಕೆ ಇಷ್ಟೆಲ್ಲ ಬೇಕಾ ಮೇಡಂ? ನೇರವಾಗಿ ಕೇಳಿ."

"ನನಗೆ ಗಾಡಿ ಬೇಡ. ಹೇಳಿ ಹೋಗೋಣ ಅಂತ ಬಂದೆ."

"ಐದು ವರ್ಷ ಓಡಿಸಿದೀನಿ ನಾನು! ಏನೂ ಆಗಿಲ್ಲ. ಯಾರು ಹೇಳಿದ್ದು ನಿಮಗೆ, ಆ ಮುದುಕರಾ? ಅವರು ಮುಟ್ಟೂ ನೋಡಿಲ್ಲ."

ಗೇಟಿನ ಹತ್ತಿರದಿಂದ ದನಿ ಬಂತು. "ಮುಟ್ಟೋದು ಬೇಕಾಗಿಲ್ಲ. ಮಾಡಿದ್ದು ನಾನೇ."

ಚಿಕ್ಕಪ್ಪ ಅಂಗಳದೊಳಗೆ ಬಂದಿದ್ದರು. ಕನ್ನಡಕದವರ ಕೈಯಲ್ಲಿದ್ದ ನೀರು ತುಳುಕಿತು. ಲೋಟಗಳನ್ನು ಕಟ್ಟೆಯ ಮೇಲಿಟ್ಟು ಅವರು ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಕೂಗಾಡುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ ಎಂದು ಸೂಜಿ ಕಾದಳು. ಅವರು ಏನೂ ಮಾಡಲಿಲ್ಲ. ಒಮ್ಮೆ ಬೀದಿಯ ಕಡೆ, ಒಮ್ಮೆ ಪಕ್ಕದ ಮನೆಯ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು.

"ಸರಿ. ಆಗಿದ್ದು ಆಯ್ತು. ನಿಮಗೆ ಬೇಡ ಅಲ್ವಾ? ನೀವು ಹೊರಡಿ. ಸಂಜೆ ಇನ್ನೊಬ್ಬರು ಬರ್ತಾರೆ. ನೀವೂ ಬಂದಿಲ್ಲ, ನಾನೂ ಏನೂ ಕೇಳಿಲ್ಲ."

ಅರ್ಧ ಗಂಟೆಯ ಹಿಂದೆ ಕ್ಲಚ್ಚಿನ ಚೀಟಿ ತಂದು ತೋರಿಸಿದ ಮನುಷ್ಯ! ಅವರ ಮುಖ ಬದಲಾಗಿರಲಿಲ್ಲ, ಅದೇ ಸಭ್ಯ ಮುಖ, ಅದೇ ಇಸ್ತ್ರಿ ಮಾಡಿದ ಶರಟು. ಅದೇ ಸೂಜಿಗೆ ಹೆಚ್ಚು ಅಸಹ್ಯವಾಯಿತು. ಕೊಳೆತ ಹಣ್ಣಿಗಾದರೂ ವಾಸನೆ ಇರುತ್ತದೆ.

"ಯಾರು ಬರ್ತಾರೆ ಸಂಜೆ?"

ಕೇಳಿದ್ದು ಸೂಜಿಯಲ್ಲ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಏಳು ತಿಂಗಳ ಬಸುರಿ, ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಮಗಳ ಕೈ.

"ನೀನು ಒಳಗೆ ಹೋಗು," ಎಂದರು ಕನ್ನಡಕದವರು.

"ಐದು ವರ್ಷದಿಂದ ಹಿಂದಿನ ಸೀಟಿನಲ್ಲಿ ಕೂತಿದ್ದು ನಾನು. ಇವಳನ್ನ ಆ ಟ್ಯಾಂಕ್ ಮೇಲೆ ಕೂರಿಸ್ಕೊಂಡು ದಿನಾ ಶಾಲೆಗೆ ಬಿಡ್ತಿದ್ರಿ. ಈ ಸ್ಥಿತೀಲೂ ಮೊನ್ನೆ ಡಾಕ್ಟರ ಹತ್ರ ಇದರ ಮೇಲೇ ಹೋಗಿ ಬಂದ್ವಿ. ಯಾರು ಬರ್ತಾರೆ ಸಂಜೆ, ಹೇಳಿ?"

"ಯಾರೋ ಒಬ್ಬರು. ನಮಗೇನು?"

ಆಕೆ ಗಂಡನನ್ನು ತುಸು ಹೊತ್ತು ನೋಡಿದರು. ಆ ನೋಟವನ್ನು ಸೂಜಿ ಬಲ್ಲಳು, ಅದು ಈಗಷ್ಟೇ ತನ್ನ ಮುಖದ ಮೇಲಿದ್ದದ್ದು. ಆಕೆ ಮೆಟ್ಟಿಲಿಳಿದು ಬಂದು ಗಾಡಿಯಿಂದ ಕೀಲಿ ಕಿತ್ತುಕೊಂಡು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಇದು ಈ ಗೇಟು ದಾಟಲ್ಲ," ಎಂದು ಚಿಕ್ಕಪ್ಪನ ಕಡೆ ತಿರುಗಿದರು. "ಮಾಡಿದ್ದು ನೀವು ಅಂದ್ರಲ್ಲ, ಇಲ್ಲೇ ಕತ್ತರಿಸಿ. ಈಗಲೇ. ನಾನು ನೋಡಬೇಕು."

"ಹುಚ್ಚಾ ನಿನಗೆ? ದುಡ್ಡು..." ಎಂದರು ಗಂಡ.

"ಇಂಜಿನ್ ಒಳ್ಳೇದಿದೆ," ಎಂದರು ಚಿಕ್ಕಪ್ಪ ನೆಲ ನೋಡುತ್ತ. "ಬಿಚ್ಚಿ ಬೇರೆ ಮಾರಬಹುದು. ಚಕ್ರ, ಟ್ಯಾಂಕ್ ಎಲ್ಲಾನೂ. ಚಾಸಿಸ್ ಒಂದು ಹೋಗುತ್ತೆ. ಮಾರಿಸಿ ಕೊಡೋ ಜವಾಬ್ದಾರಿ ನನ್ನದು."

"ನಿಮ್ಮ ಜವಾಬ್ದಾರಿ ನೋಡಿದೆನಲ್ಲ," ಎಂದರು ಆಕೆ.

ಪಕ್ಕದ ಮನೆಯಿಂದ ಕಬ್ಬಿಣ ಕೊಯ್ಯುವ ಗರಗಸ ಬಂತು. ಟ್ಯಾಂಕನ್ನು ಬಿಚ್ಚಿ ಕೆಳಗಿಟ್ಟರು. ಚಿಕ್ಕಪ್ಪ ಗರಗಸ ಹಿಡಿದು ಕೊಳವೆಯ ಮೇಲಿಟ್ಟರು. ಎಡಗೈ ನಡುಕಕ್ಕೆ ಅಲಗು ಅತ್ತಿತ್ತ ಜಾರಿ ಬಣ್ಣ ಮಾತ್ರ ಗೀಚಿತು. ಮೂರು ಸಲ ಹಾಗೆಯೇ ಆಯಿತು. ಸೂಜಿ ಅವರ ಕೈಯಿಂದ ಗರಗಸ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ತನ್ನ ಬೆರಳು ಅವರ ಬೆರಳಿಗೆ ತಾಗದಂತೆ ಹಿಡಿದದ್ದು ಅವಳಿಗೇ ಗೊತ್ತಾಯಿತು.

ಕಾಲು ಗಂಟೆ ಕೊಯ್ದಳು. ಕಬ್ಬಿಣದ ಪುಡಿ ಬೆವರಿದ ಮೊಣಕೈಗೆ ಮೆತ್ತಿಕೊಂಡಿತು. ಬಸುರಿ ಹೆಂಗಸು ಕಟ್ಟೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು, ಗಂಡ ಕಾಂಪೌಂಡಿಗೆ ಒರಗಿ ಫೋನಿನಲ್ಲಿ ಏನೋ ಒತ್ತುತ್ತಿದ್ದರು. ಕೊಳವೆಯ ಅರ್ಧಕ್ಕೆ ಬಂದಾಗ ಇನ್ನೂ ಅಷ್ಟೇ ಕೊಯ್ಯಬೇಕು ಅಂದುಕೊಂಡಳು. ಆಗ ಟಕ್ ಎಂದು ಒಂದು ಶಬ್ದ, ಕೊಳವೆ ತಾನಾಗಿಯೇ ತೆರೆದುಕೊಂಡು ಗಾಡಿಯ ಮುಂಭಾಗ ಕುಸಿದು ಕೂತಿತು.

ಎಲ್ಲರೂ ಬಗ್ಗಿ ಒಳಗೆ ನೋಡಿದರು. ಹೊರಗಿನಿಂದ ಅಷ್ಟು ನುಣುಪಾಗಿದ್ದ ಬೆಸುಗೆ ಒಳಗೆ ಹುಳ ತಿಂದ ಹಲ್ಲಿನಂತೆ ತೂತುತೂತಾಗಿತ್ತು. ಅದರ ಪಕ್ಕದಿಂದಲೇ ಹೊಸ ಬಿರುಕು ಹೊರಟು ಕೊಳವೆಯನ್ನು ಸುತ್ತಿತ್ತು. ಬಿರುಕಿನ ತುಂಬ ಕೆಂಪು ತುಕ್ಕು, ತುಕ್ಕಿನಲ್ಲಿ ನೀರಿನ ಜಿಗುಟು. ಐದು ವರ್ಷ ಒಂದು ಸಂಸಾರವನ್ನು ಹೊತ್ತು ತಿರುಗಿದ್ದ ಗಟ್ಟಿ ಕಬ್ಬಿಣ ಒಟ್ಟು ಉಳಿದಿದ್ದದ್ದು ಹೆಬ್ಬೆರಳ ಉಗುರಿನಷ್ಟು.

ಚಿಕ್ಕಪ್ಪ ಮಂಡಿಯೂರಿ ಅದನ್ನು ಬಹಳ ಹೊತ್ತು ನೋಡಿದರು. ಯಾರಿಂದಲೂ ಆಗ್ತಿರಲಿಲ್ಲ ಎಂದಿದ್ದ ಕೆಲಸ. ಒಂದು ಬೆರಳು ಹಾಕಿ ತುಕ್ಕನ್ನು ಕೆರೆದರು, ಅದು ಪುಡಿಯಾಗಿ ಉದುರಿತು. ಎದ್ದು ಗೇಟಿನಾಚೆ ಹೋಗಿ ಚರಂಡಿಯ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡರು.

ಸೂಜಿ ಹೋಗಿ ಬೆನ್ನು ಸವರಲಿಲ್ಲ. ನೀರು ಕೊಟ್ಟದ್ದು ಆ ಬಸುರಿ ಹೆಂಗಸು, ಗಂಡ ಕಟ್ಟೆಯ ಮೇಲಿಟ್ಟಿದ್ದ ಲೋಟದಿಂದಲೇ.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದರು. ಚಿಕ್ಕಮ್ಮ, "ಇದೂ ಸರಿ ಹೋಗಲಿಲ್ವಾ?" ಎಂದದ್ದಕ್ಕೆ ಇಬ್ಬರೂ "ಇಲ್ಲ" ಎಂದರು. ಮರುದಿನದಿಂದ ಸೂಜಿ ಮತ್ತೆ ನೀವು ಎನ್ನಲು ಶುರುಮಾಡಿದಳು. ಆದರೆ ಅದು ಕೊರಿಯರಿನವರಿಗೆ, ಬಸ್ಸಿನ ಕಂಡಕ್ಟರಿಗೆ ಅನ್ನುವ ನೀವು. ಚಿಕ್ಕಪ್ಪ ಆ ನೀವು ಕೇಳಿದಾಗೆಲ್ಲ ಕಣ್ಣು ಕೆಳಗೆ ಹಾಕುತ್ತಿದ್ದರು. ಅವರು ಊಟದ ಪಾತ್ರೆಗೆ ಕೈ ಹಾಕಿ ಬಡಿಸಿದರೆ ಅವಳಿಗೆ ತುತ್ತು ಒಳಗಿಳಿಯುತ್ತಿರಲಿಲ್ಲ. ತನ್ನನ್ನು ಸಾಕಿದ ಕೈ ಅದು ಎಂದು ನೆನಪಾಗಿ ತನ್ನ ಮೇಲೂ ಅಸಹ್ಯವಾಗುತ್ತಿತ್ತು. ಅದು ನೆನಪಾದ ಮೇಲೂ ತುತ್ತು ಇಳಿಯುತ್ತಿರಲಿಲ್ಲ.

ಆರನೆಯ ಗಾಡಿಯನ್ನು ಅವಳು ಒಬ್ಬಳೇ ಹೋಗಿ ನೋಡಿದಳು. ಒಂದು ಆಸ್ಪತ್ರೆಯ ಕಾವಲುಗಾರನ ಸ್ಕೂಟರು. ನೋಡಲು ಕುರೂಪ, ಬ್ರೇಕು ಹಾಕಿದರೆ ಹಂದಿಯ ಹಾಗೆ ಕಿರುಚುತ್ತಿತ್ತು. ಇದರಲ್ಲಿ ಏನೇನು ಕೆಟ್ಟಿದೆ ಎಂದು ಕೇಳಿದ್ದಕ್ಕೆ ಅವನು ಐದು ನಿಮಿಷ ಬಿಡದೆ ಹೇಳಿದ. ಎಲ್ಲವೂ ಅವಳ ಕಣ್ಣಿಗೆ ಕಾಣುತ್ತಿದ್ದದ್ದೇ. ಕೊಂಡಳು.

ಹತ್ತು ದಿನ ಕಳೆದಿರಬೇಕು. ಬೆಳಗಿನ ಕೆಲಸ ಮುಗಿಸಿ ಅವಳು ಮನೆಗೆ ಬಂದಾಗ ಚಿಕ್ಕಪ್ಪ ಒಂದು ಹಾಳೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ನಡುಗುವ ಕೈಯಲ್ಲಿ ಬರೆದ ಅಕ್ಷರಗಳು ಇರುವೆ ಸಾಲಿನಂತೆ ಎಲ್ಲೆಲ್ಲೋ ಹೋಗಿದ್ದವು. ಕಪ್ಪು ಗಾಡಿ, ಹಾಲಿನವನು ಕೊಂಡದ್ದು. ಕೆಂಪು, ಟ್ಯಾಂಕಿನ ಮೇಲೆ ಬಿಳಿ ಗೆರೆ. ಹೀಗೆ ಹನ್ನೊಂದು.

"ಉಳಿದದ್ದು ನೆನಪಾಗ್ತಿಲ್ಲ," ಎಂದರು. "ದಲ್ಲಾಳಿ ಸತ್ತುಹೋಗಿದಾನೆ. ಇಷ್ಟಾದ್ರೂ ಹುಡುಕೋಣ ಅಂತ. ನಾನು ಬಸ್ಸಿನಲ್ಲೇ ಹೋಗ್ತೀನಿ."

ಸೂಜಿ ಹಾಳೆ ಓದಿದಳು. ಮನಸ್ಸು ಕರಗಲಿಲ್ಲ. ಈಗ ಹುಡುಕಿಕೊಂಡು ಹೋದರೆ ತೊಳೆದು ಹೋಗುತ್ತದಾ ಎಂದು ಕೇಳಬೇಕೆನ್ನಿಸಿತು. ಆದರೆ ಆ ಬಿರುಕು ಕಣ್ಣ ಮುಂದೆ ಬಂತು, ಹೆಬ್ಬೆರಳ ಉಗುರಿನಷ್ಟು ಉಳಿದಿದ್ದ ಕಬ್ಬಿಣ.

"ಬಸ್ಸಿನಲ್ಲಿ ಹೋದ್ರೆ ವರ್ಷ ಬೇಕು," ಎಂದಳು. "ಭಾನುವಾರ ಹಿಂದೆ ಕೂತ್ಕೊಳ್ಳಿ. ಮೈ ಮಾತ್ರ ಮುಟ್ಟಬೇಡಿ, ಕಂಬಿ ಹಿಡ್ಕೊಳ್ಳಿ."

ಎರಡು ತಿಂಗಳ ಭಾನುವಾರಗಳಲ್ಲಿ ನಾಲ್ಕು ಗಾಡಿ ಪತ್ತೆಯಾದವು. ಹಾಲಿನವನು ಕಣ್ಣೀರು ಹಾಕಿಕೊಂಡು ಕತ್ತರಿಸಲು ಬಿಟ್ಟ. ಒಂದು ಆಗಲೇ ಗುಜರಿಗೆ ಹೋಗಿತ್ತು, ಅದು ಹೇಗೆ ಹೋಯಿತು ಎಂದು ಮನೆಯವರು ಹೇಳಲಿಲ್ಲ. ಇವರಿಗೆ ಕೇಳುವ ಧೈರ್ಯವಾಗಲಿಲ್ಲ. ಮೂರನೆಯವನು ಇವರ ಮೇಲೆ ನಾಯಿ ಬಿಟ್ಟ.

ನಾಲ್ಕನೆಯದು ಆ ಬಿಳಿ ಗೆರೆಯ ಕೆಂಪು ಗಾಡಿ. ಅದನ್ನು ಈಗ ಓಡಿಸುತ್ತಿದ್ದವನು ಮನೆ ಬಾಗಿಲಿಗೆ ಊಟ ತಲುಪಿಸುವ ಕೆಲಸದವನು, ಬೆನ್ನ ಮೇಲೆ ದೊಡ್ಡ ಚೌಕದ ಚೀಲ. ಹೊಟೇಲಿನ ಹಿಂದಿನ ಓಣಿಯಲ್ಲಿ ಸಿಕ್ಕಿದ. ಪಕ್ಕದಲ್ಲೇ ಪಾತ್ರೆ ತೊಳೆದ ನೀರು ಹರಿಯುತ್ತಿತ್ತು, ಅದರಲ್ಲಿ ಅನ್ನದ ಅಗುಳು, ತರಕಾರಿ ಸಿಪ್ಪೆ.

"ಹೋಗ್ರೀ, ಟೈಮಿಲ್ಲ ನನಗೆ," ಎಂದು ಅವನು ಗಾಡಿ ಹೊರಡಿಸಿದ. "ಒಂದು ನಿಮಿಷ ತಡ ಆದ್ರೂ ನನ್ನ ದುಡ್ಡು ಕಟ್ ಆಗುತ್ತೆ. ಕತ್ತಂತೆ, ಬೆಸುಗೆಯಂತೆ!"

ಚಿಕ್ಕಪ್ಪ ಮುಂದಿನ ಚಕ್ರದ ಮುಂದೆ ಕೂತುಬಿಟ್ಟರು. ಆ ಎಂಜಲು ನೀರಿನಲ್ಲೇ, ಕಾಲು ಮಡಚಿಕೊಂಡು. ಅವನು ಹಾರ್ನ್ ಹೊಡೆದ. ಚಕ್ರದಿಂದ ಮೊಣಕಾಲಿಗೆ ತಿವಿದ. ಮುದುಕ, ಕಳ್ಳ, ನಾಟಕದವನು, ಬಾಯಿಗೆ ಬಂದದ್ದೆಲ್ಲ ಅಂದ. ಹೊಟೇಲಿನವರು ಹೊರಗೆ ಬಂದು ನಕ್ಕರು. ಚಿಕ್ಕಪ್ಪ ಏಳಲಿಲ್ಲ. "ಬೈರಿ, ಹೊಡೀರಿ. ಒಂದು ಸಲ ಇಳಿದು ಕೈಯಿಂದ ಮುಟ್ಟಿ ನೋಡಿ," ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳಿದರು.

ಸೂಜಿ ಸ್ಕೂಟರಿಗೆ ಒರಗಿ ನೋಡುತ್ತಿದ್ದಳು. ಆ ನೀರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಗುವವರನ್ನು ನೋಡಿ ಹೇಸಿಗೆಯಾಯಿತು. ಪಂಚೆ ನೆನೆದು ಮೈಗೆ ಅಂಟಿದ ಚಿಕ್ಕಪ್ಪನನ್ನು ನೋಡಿಯೂ ಆಯಿತು. ಅನುಭವಿಸಲಿ ಎಂದು ತನ್ನೊಳಗೆ ಒಂದು ಮೂಲೆ ಖುಷಿಪಡುತ್ತಿರುವುದು ಗೊತ್ತಾಗಿ ಇನ್ನೂ ಹೆಚ್ಚಾಯಿತು.

ಕೊನೆಗೆ ಆ ಯುವಕನೇ ದಣಿದ. ಥೂ ಎಂದು ಪಕ್ಕಕ್ಕೆ ಉಗುಳಿ, ಇಂಜಿನ್ ಆರಿಸಿ, ಚೀಲ ಇಳಿಸಿ ಸ್ಟ್ಯಾಂಡ್ ಹಾಕಿದ.

"ಎಲ್ಲಿ? ತೋರಿಸಿ ಸಾಯಿ, ಎಲ್ಲಿದೆ?"

ಚಿಕ್ಕಪ್ಪ ಏಳಲು ನೋಡಿದರು. ಒಂದೇ ಸಲಕ್ಕೆ ಆಗಲಿಲ್ಲ, ಮಡ್‌ಗಾರ್ಡ್ ಹಿಡಿದು ಎದ್ದರು. ಅವರು ಬೆರಳು ತೋರಿಸಿದ ಕಡೆ ಅವನು ಬಗ್ಗಿದ. ಹ್ಯಾಂಡಲ್ ಅಡ್ಡ ಬರುತ್ತಿತ್ತು. ಸೂಜಿ ಎಂಜಲು ನೀರು ತುಳಿದುಕೊಂಡು ಹೋಗಿ, ಅದನ್ನು ಬಲಕ್ಕೆ ಪೂರ್ತಿ ತಿರುಗಿಸಿ ಹಿಡಿದಳು.